ಬೆಂಡು ಕಂಡ ಮೇಲೆ

ಬಾಗಿಯ ಮನೆಯಲ್ಲಿ ಜಗಳಕ್ಕೆ ಹೊಸ ವಿಷಯ ಸಿಕ್ಕಿ ತುಂಬ ಕಾಲವಾಗಿತ್ತು. ನೀರು, ಸೌದೆ, ಒಣಮೀನಿಗೆ ಬಾಯಿ ಹಾಕುವ ಬೆಕ್ಕು, ಇವುಗಳ ಮೇಲೆ ಅತ್ತೆ ಸೊಸೆ ಎಷ್ಟು ಸಲ ಹಾರಾಡಿದ್ದರೆಂದರೆ ಯಾರ ಬಾಯಿಂದ ಯಾವ ಮಾತು ಯಾವಾಗ ಬರುತ್ತದೆ ಎಂಬುದು ಇಬ್ಬರಿಗೂ ಬಾಯಿಪಾಠ. ಆ ವರ್ಷ ಮಳೆಗಾಲ ಮುಗಿದು, ಕಿರಿಮಂಜೇಶ್ವರದ ಅವರ ಕೇರಿಯ ಸಭಾಭವನದಲ್ಲಿ ಶಾಲೆ ಬಿಟ್ಟ ಮೇಲಿನ ಕೋಡಿಂಗ್ ಕ್ಲಾಸು ಶುರುವಾಯಿತು ನೋಡಿ, ಮನೆಗೆ ಹೊಸ ಜಗಳವೂ ಬಂತು.

"ಶಾಲಿ ಬಿಟ್ಟ್ ಮೇಲೆ ಮತ್ತೆಂತ ಶಾಲಿ?" ಎಂದಳು ಬಾಗಿ, ಮೀನಿನ ಬುಟ್ಟಿಯನ್ನು ಬಾವಿಕಟ್ಟೆಯಲ್ಲಿ ಬೋರಲು ಹಾಕಿ ತೊಳೆಯುತ್ತ.

"ನಾವ್ ಹೇಳ್ದಾಂಗೆ ಕಂಪ್ಯೂಟ್ರ್ ಕೆಲ್ಸ ಮಾಡುಕೆ ಎಂತ ಬರೀಕ್ ಅಂದೇಳಿ ಕಲ್ಸುದಂಬ್ರ್, ಅತ್ತೆ. ದುಡ್ಡೂ ಇಲ್ಲ, ಎಂತದೂ ಇಲ್ಲ," ಎಂದಳು ಸೊಸೆ ಗೋಮತಿ.

"ಮನೆಯಂಗೆ ಇಪ್ಪವ್ರೇ ನಾ ಹೇಳ್ದಾಂಗೆ ಕೇಣುದಿಲ್ಲ, ಇನ್ನ್ ಕಂಪ್ಯೂಟ್ರ್ ಕೇಣತ್ತಾ? ನೀರ್ ಯಾರ್ ತುಂಬ್ಸುದ್? ಒಣಮೀನ್ ಯಾರ್ ಎತ್ತಿ ಒಳ್ಗೆ ಹಾಕುದ್? ನೀ ಫ್ಯಾಕ್ಟ್ರಿಂದ ಬಪ್ಪತಿಗೆ ಕತ್ಲಾತ್ತ್."

ಗೋಮತಿ ಎರಡೂ ಕೈ ಮುಂದೆ ಚಾಚಿ ಅತ್ತೆಯ ಮೂಗಿನ ಹತ್ತಿರ ಹಿಡಿದಳು. "ಕಾಣಿ. ಗೇರ್‌ಬೀಜದ ಎಣ್ಣೆ ತಾಗಿ ಬೆರಳಿನ್ ಗೆರೆ ಸೈತ ಅಳ್ಸಿ ಹೋಯ್ತ್. ರೇಷನ್ ಅಂಗ್ಡಿಯಂಗೆ ಹೆಬ್ಬೆಟ್ಟ್ ಒತ್ತಿರೆ ಮಿಷನ್ ತಕಣುದಿಲ್ಲ. ಈ ಕೈ ನನ್ನ್ ಮಗ್ಳಿಗೆ ಬ್ಯಾಡ."

ವಂಡ್ಸೆ ರಸ್ತೆಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಸುಲಿದು ಸುಲಿದು ಆ ಬೆರಳುಗಳು ಸುಟ್ಟ ಸೌದೆಯ ಹಾಗಾಗಿದ್ದವು. ಬಾಗಿ ನೋಡಿದಳು, ನೋಡಿ ಬುಟ್ಟಿಯನ್ನು ಇನ್ನಷ್ಟು ಜೋರಾಗಿ ಉಜ್ಜಿದಳು. ಮೊಮ್ಮಗಳು ಪೂಜಿತಾ, ಎಂಟನೇ ಕ್ಲಾಸಿನವಳು, ಬಾಗಿಲ ಸಂದಿಯಲ್ಲಿ ನಿಂತು ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದಳು. ಅವಳಪ್ಪ ಶೇಖರ ಮಲ್ಪೆಯ ಬೋಟಿನಲ್ಲಿ ದುಡಿಯುವವನು, ಕಡಲಿಗೆ ಹೋದನೆಂದರೆ ದಿನಗಟ್ಟಲೆ ಸುದ್ದಿಯಿಲ್ಲ. ಮನೆಯ ತೀರ್ಮಾನಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಜಗಲಿಯಲ್ಲಿ, ತಿಮ್ಮನ ಮುಂದೆ.

"ಹ್ವಾಯ್, ನೀವಾರೂ ಹೇಳಿ," ಎಂದಳು ಬಾಗಿ ಗಂಡನಿಗೆ.

"ಹೋಯ್ಲಿ ಬಿಡೆ," ಎಂದ ತಿಮ್ಮ. "ಆ ಹೊತ್ತಿಗೆ ನಾನೂ ಬಲೆಗೆ ಹೋತೆ, ನೀನೂ ಮೀನಿಗೆ ಬತ್ತೆ. ಹೆಣ್ ಮನೆಯಂಗೆ ಕೂಕಂಡ್ ಎಂತ ಮಾಡುದ್? ಕಲೀಲಿ."

ಅಲ್ಲಿಗೆ ಮುಗಿಯಿತು. ದುಡಿದು ತರುವವನ ಮಾತಿಗೆ ಆ ಮನೆಯಲ್ಲಿ ಎದುರಿರಲಿಲ್ಲ. ತಿಮ್ಮನೂ ತಾನು ದುಡಿದು ತರುವವನೆಂದೇ ನಂಬಿದ್ದ.

ಈ ನಂಬಿಕೆಯ ಸಂಗತಿ ಸ್ವಲ್ಪ ಹೇಳಬೇಕು. ಒಂದು ಕಾಲದಲ್ಲಿ ತಿಮ್ಮ ಆ ದಡದ ಕೈರಂಪಣಿ ಬಲೆಯ ತಂಡೇಲ, ಅಂದರೆ ಮುಂದಾಳು. ದೋಣಿಯಲ್ಲಿ ನಾಲ್ಕಾರು ಮಂದಿ ಹೋಗಿ ಕಡಲಿಗೆ ಅರ್ಧಚಂದ್ರದಂತೆ ಬಲೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗವನ್ನು ಕೇರಿಯ ಮಂದಿಯೆಲ್ಲ ಸೇರಿ ದಡಕ್ಕೆ ಎಳೆಯುತ್ತಾರೆ. ಬಿದ್ದ ಮೀನನ್ನು ಮರಳಿನ ಮೇಲೆ ಗುಡ್ಡೆ ಹಾಕಿ ಪಾಲು ಮಾಡುತ್ತಾರೆ. ತಿಮ್ಮನ ಕಾಲದಲ್ಲಿ ಪಾಲೆಂದರೆ ಪಾಲು, ಒಂದು ಮೀನು ಅತ್ತಿತ್ತ ಆಗುವಂತಿಲ್ಲ. ಆಮೇಲೆ ಕಡಲು ಅವರ ಹಳೆಮನೆಯನ್ನು ನುಂಗಿತು. ಮನೆ ಹೆದ್ದಾರಿ ದಾಟಿ ಮೂಡುದಿಕ್ಕಿಗೆ ಬಂತು. ತಿಮ್ಮನ ಮಂಡಿ ಹೋಯಿತು, ಕಣ್ಣಿಗೆ ಪೊರೆ ಬಂತು. ದೋಣಿಯ ಕೂಗು ಕೇಳಿದ ಮೇಲೆ ಎದ್ದು, ಹೆದ್ದಾರಿಯಲ್ಲಿ ಲಾರಿಗಳಿಗೆ ಕಾದು, ತೆಂಗಿನ ತೋಟ ದಾಟಿ, ಮರಳಿನಲ್ಲಿ ಕಾಲೆಳೆಯುತ್ತ ದಡ ಮುಟ್ಟುವ ಹೊತ್ತಿಗೆ ಬಲೆ ಹೆಚ್ಚುಕಡಿಮೆ ಕಾಲಬುಡಕ್ಕೆ ಬಂದಿರುತ್ತಿತ್ತು. ಅವನು ಹಗ್ಗದ ಬಾಲ ಹಿಡಿದು ಎಲ್ಲರ ಕೂಗಿಗೆ ತನ್ನ ಕೂಗನ್ನೂ ಸೇರಿಸುತ್ತಿದ್ದ.

"ಹಗ್ಗ ಈಗ ಹಿಡ್ದದ್ದಷ್ಟೇ ತಿಮ್ಮಣ್ಣ, ಬಾ," ಎನ್ನುತ್ತಿದ್ದ ಈಗಿನ ತಂಡೇಲ ಚಂದಯ್ಯ. ಬಲೆಯನ್ನು ತೇಲಿಸುವ ಬೆಂಡು ಎಲ್ಲಿದೆಯೆಂದು ತಿಮ್ಮನ ಕಣ್ಣಿಗೆ ಕಾಣಬೇಕಲ್ಲ! ಪಾಲು ಹಾಕುವಾಗ ಚಂದಯ್ಯ ಯಾರ ಮುಖವನ್ನೂ ನೋಡದೆ "ಇದ್ ತಿಮ್ಮಣ್ಣಂದ್" ಎಂದು ಒಂದು ಪೂರಾ ಗುಡ್ಡೆ ಸರಿಸಿಬಿಡುತ್ತಿದ್ದ. ಇದು ಹೀಗೇ ನಡೆದು ವರ್ಷಗಳಾಗಿದ್ದವು. ಹಗ್ಗ ಎಳೆಯುವವರಿಗೆಲ್ಲ ಗೊತ್ತು. ದಿನಾ ದಡಕ್ಕೆ ಹೋಗಿ ಆ ಗುಡ್ಡೆಯನ್ನು ಬುಟ್ಟಿಗೆ ತುಂಬುವ ಬಾಗಿಗೂ ಗೊತ್ತು. ಯಾರೂ ಒಂದು ದಿನವೂ ಬಾಯಿಬಿಟ್ಟು ಆಡಿರಲಿಲ್ಲ. ಆಡದೆ ಇದ್ದುದರಿಂದಲೇ ಅದು ಉಳಿದುಕೊಂಡಿತ್ತು.

ಪೂಜಿತಾ ಕ್ಲಾಸಿಗೆ ಹೋಗತೊಡಗಿದಳು. ಕಲಿಸುವವಳು ಧನ್ಯಶ್ರೀ ಎಂಬ ಹುಡುಗಿ, ಸಾಲಿಗ್ರಾಮದ ಕಡೆಯವಳು, ಯಾವುದೋ ಟ್ರಸ್ಟಿನವರು ಕೊಟ್ಟ ಹಳೆ ಲ್ಯಾಪ್‌ಟಾಪುಗಳನ್ನು ದೊಡ್ಡ ಚೀಲದಲ್ಲಿ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದಳು. ಮೊದಮೊದಲು ಪೂಜಿತಾ ಪರದೆಯ ಮೇಲೆ ಬೆಕ್ಕೊಂದನ್ನು ನಡೆಸಿದಳು. "ನಮ್ಮನಿಯಂಗೆ ಬೆಕ್ಕಿಗೆ ಬರವಾ?" ಎಂದಳು ಬಾಗಿ. ಅಂತೂ ನೀರು ಬಾಗಿಯೇ ಸೇದಿದಳು, ಒಣಮೀನನ್ನೂ ಬಾಗಿಯೇ ಎತ್ತಿದಳು, ಎತ್ತುವಾಗಲೆಲ್ಲ ಸೊಸೆಗೆ ಕೇಳುವ ಹಾಗೆ ಸೊಂಟ ಹಿಡಿದು ನರಳಿದಳು.

ಒಂದು ಭಾನುವಾರ ಪೂಜಿತಾ ಅಮ್ಮನ ಫೋನು ಹಿಡಿದು ಜಗಲಿಗೆ ಬಂದು ಅಜ್ಜನ ಹತ್ತಿರ ಕೂತಳು.

"ಅಜ್ಜಯ್ಯ, ಮನಿದ್ ಒಂದ್ ಕೆಲ್ಸ ಕಂಪ್ಯೂಟ್ರಿಗೆ ಹೇಳಿಕೊಡಿ ಅಂದಿರ್ ಟೀಚ್ರ್. ನಾ ನಮ್ಮ್ ಬಲೆ ಪಾಲ್ ಮಾಡ್ತೆ. ಹ್ಯಾಂಗೆ ಪಾಲ್ ಹಾಕುದ್ ಹೇಳ್."

ತಿಮ್ಮನ ಮುಖ ಅರಳಿತು. ಎಷ್ಟೋ ಕಾಲದ ಮೇಲೆ ಯಾರೋ ಅವನನ್ನು ಬಲೆಯ ವಿಷಯ ಕೇಳಿದ್ದರು. ಎಲೆ-ಅಡಿಕೆಯ ಕವಳ ಉಗಿದು ಬಂದು, ಬೆನ್ನು ನೆಟ್ಟಗೆ ಮಾಡಿ ಕೂತ. ಬಾಗಿ ಅಲ್ಲೇ ಅಂಗಳದಲ್ಲಿ ಬಂಗ್ಡೆ ಸ್ವಚ್ಛ ಮಾಡುತ್ತಿದ್ದಳು.

"ದೋಣಿಗೆ ಹೋಯ್ ಬಲೆ ಬಿಟ್ಟವ್ರಿಗೆ ಒಂದೂವರೆ."

"ಹಗ್ಗ ಎಳ್ದವ್ರಿಗೆ?"

"ಒಂದ್. ಮಕ್ಳಿಗೆ ಅರ್ಧ. ನಮ್ಮ್ ದೈವ ಬೊಬ್ಬರ್ಯಂಗೆ ಒಂದ್ ಮುಷ್ಟಿ ಮೊದ್ಲೇ ತೆಗ್ದಿಡ್ಕ್."

"ತಡ ಮಾಡಿ ಬಂದ್ರೆ?"

"ಅದ್ ಕೇಳ್!" ಎಂದ ತಿಮ್ಮ, ತೊಡೆ ತಟ್ಟಿ. "ನೀರಿನ್ ಮೇಲೆ ಬಲೆದ್ ಬೆಂಡ್ ತೇಲಿ ಬಪ್ಪುದ್ ದಡದವ್ರಿಗೆ ಕಾಂತಲ್ಲ? ಬೆಂಡ್ ಕಾಂಬುಕೆ ಮುಂಚೆ ಹಗ್ಗ ಮುಟ್ಟಿರೆ ಪೂರಾ ಪಾಲ್. ಬೆಂಡ್ ಕಂಡ್ ಮೇಲೆ ಮುಟ್ಟಿದವ್ನಿಗೆ ಇಲ್ಲ. ಭಾರ ಎಲ್ಲ ಅಷ್ಟೊತ್ತಿಗೆ ಮುಗ್ದಿರತ್ತ್."

ಬಾಗಿಯ ಕೈಯಲ್ಲಿನ ಕತ್ತಿ ನಿಂತಿತು.

"ಒಂಚೂರೂ ಇಲ್ಯಾ?" ಎಂದಳು ಪೂಜಿತಾ.

"ಒಂದ್ ಮೀನೂ ಇಲ್ಲ. ನಿನ್ನ್ ಅಜ್ಜಿ ಅಣ್ಣ ಸೂರ ಒಂದ್ ದಿನ ಬೆಂಡ್ ಕಂಡ್ ಮೇಲೆ ಬಂದ್ ಹಗ್ಗ ಹಿಡ್ದ. ಹೆಂಡ್ತಿ ಅಣ್ಣ ಅಂದೇಳಿ ನಾ ಬಿಟ್ನಾ? ಬರೀ ಕೈಯಂಗೆ ಕಳ್ಸಿದೆ. ಇವ್ಳ್ ಎಂಟ್ ದಿನ ನನ್ನತ್ರ ಮಾತಾಡ್ಲಿಲ್ಲ ಕಾಣ್!"

ಅಜ್ಜ ನಕ್ಕ, ಮೊಮ್ಮಗಳೂ ನಕ್ಕಳು. ಬಾಗಿ ಗಂಡನನ್ನೇ ನೋಡಿದಳು. ಮುದುಕ ತನ್ನ ಹೊಂಡವನ್ನು ತಾನೇ ತೋಡುತ್ತಿದ್ದಾನೆ, ಅದೂ ಎಷ್ಟು ಖುಷಿಯಿಂದ! ಬೇಡವೆಂದು ಹೇಳೋಣವೆಂದರೆ ಅವನೆದುರಿಗೇ ಹೇಳುವುದು ಹೇಗೆ? ಯಾಕೆ ಬೇಡ ಅಂದರೆ ಏನನ್ನುವುದು? ಒಳಗೆ ಹೋದ ಮೇಲೆ ಹುಡುಗಿಗೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡು ಮತ್ತೆ ಕತ್ತಿ ಆಡಿಸಿದಳು.

ಒಳಗೆ ಹೋದಾಗ ಅಡುಗೆಮನೆಯಲ್ಲಿ ಹಂಡೆ ಖಾಲಿ ಇತ್ತು. ಗೋಮತಿ ಮೀನಿಗೆ ಮಸಾಲೆ ಅರೆಯುತ್ತಿದ್ದಳು.

"ರಜೆ ದಿನವಾರೂ ಹೆಣ್ಣಿಗೆ ಎರಡ್ ಕೊಡಪಾನ ನೀರ್ ತರುಕಾತಿಲ್ಯಾ?" ಎಂದು ಶುರುಮಾಡಿದಳು ಬಾಗಿ. ಹೇಳಬೇಕಾಗಿದ್ದದ್ದು ಅದಲ್ಲ, ಬಾಯಿಗೆ ಬಂದದ್ದು ಅದು.

"ಬರೀತಿತ್ತ್ ಅತ್ತೆ, ನಾ ತತ್ತೆ ನೀರ್."

"ಆ ಬಲೆ ಲೆಕ್ಕ ಅದ್ಕೆ ಬ್ಯಾಡ. ಬೇರೆ ಎಂತಾರೂ ಮಾಡ್ಲಿ. ಪೂಜಿ, ಅದ್ ಬಿಟ್ಟ್ ಬಿಡ್ ಮಗಾ."

"ಕಾಣಿ, ಸುರುವಾಯ್ತ್!" ಗೋಮತಿ ಗುಂಡುಕಲ್ಲು ಬಿಟ್ಟು ಎದ್ದಳು. "ಕ್ಲಾಸಿಗೆ ಹೋಪುಕೆ ಆಗ, ಬರೂಕೆ ಆಗ, ಈಗ ಲೆಕ್ಕವೂ ಆಗ. ಮಾವ ಎಷ್ಟ್ ಚೆಂದ ಹೇಳಿಕೊಡ್ತಿದ್ರ್! ನಿಮ್ಗೆ ಒಬ್ಬ್ರಿಗೆ ಹೊಟ್ಟಿಯಂಗೆ ಎಂತ ಉರಿ, ಅತ್ತೆ?"

ಜಗಲಿಯಿಂದ ತಿಮ್ಮನ ಕೆಮ್ಮು ಕೇಳಿತು. ಅವನಿಗೆ ಎಲ್ಲ ಕೇಳಿಸುತ್ತದೆ, ಕಣ್ಣು ಮಂಜಾದರೂ ಕಿವಿ ಚುರುಕು. ಬಾಗಿ ಬಾಯಿಗೆ ಬೀಗ ಹಾಕಿಕೊಂಡಳು. ಮಕ್ಕಳಾಟ, ಫೋನಿನಲ್ಲಿ ಏನೋ ಗೀಚಿ ಟೀಚರಿಗೆ ತೋರಿಸಿ ಮರೆತುಬಿಡುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಂಜೆ ಅತ್ತೆ ಸೊಸೆ ಬೆನ್ನು ತಿರುಗಿಸಿ ಕೂತು ಉಂಡರು.

ಆದರೆ ಮಕ್ಕಳಾಟ ದಡಕ್ಕೇ ಬಂತು. ಪಾಲಿನ ವಿಷಯದಲ್ಲಿ ದಿನಾ ಕಿರಿಕಿರಿ ಕೇಳಿ ಸೋತಿದ್ದ ಚಂದಯ್ಯನಿಗೆ ಧನ್ಯಶ್ರೀ ಹೋಗಿ ಹೇಳಿದಾಗ, "ತನ್ನಿ ಮಾರಾಯ್ರೆ, ಮಿಷನ್ ಹೇಳಿರೆ ಯಾರೂ ನನ್ನ್ ಬೈಯುದಿಲ್ಲ" ಎಂದನಂತೆ. ಶನಿವಾರ ಸಂಜೆ ಕ್ಲಾಸಿನ ಮಕ್ಕಳೆಲ್ಲ ದಡದಲ್ಲಿ ಸಾಲಾಗಿ ನಿಂತರು. ಗೋಮತಿಯೂ ಅರ್ಧ ದಿನದ ರಜೆ ಹಾಕಿ, ಹಬ್ಬದ ಸೀರೆ ಉಟ್ಟು ಬಂದಿದ್ದಳು. ಪೂಜಿತಾ ಫೋನು ಹಿಡಿದು ಒಂದು ತೆಂಗಿನ ಬೊಡ್ಡೆಯ ಮೇಲೆ ನಿಂತಿದ್ದಳು. ಯಾರು ಹಗ್ಗ ಹಿಡಿದರೋ ಅವರ ಹೆಸರು ಒತ್ತುವುದು, ಬೆಂಡು ಕಂಡಾಗ ಇನ್ನೊಂದು ಗುಂಡಿ ಒತ್ತುವುದು, ಅಷ್ಟೇ ಅವಳ ಕೆಲಸ. ಬಾಕಿಯದನ್ನು ಫೋನು ಮಾಡುತ್ತದೆ, ಹೆಸರು ಕೂಗಿ ಪಾಲು ಹೇಳುವುದನ್ನೂ ಅದೇ ಮಾಡುತ್ತದೆ.

ಬಾಗಿ ಬುಟ್ಟಿ ಹಿಡಿದು ಹೆಂಗಸರ ನಡುವೆ ನಿಂತಿದ್ದಳು. ಕಣ್ಣೆಲ್ಲ ತೆಂಗಿನ ತೋಟದ ಕಡೆಗೆ. ಇವತ್ತೊಂದು ದಿನ ಬೇಗ ಬಾರೋ ಪುಣ್ಯಾತ್ಮ ಎಂದು ಒಳಗೊಳಗೇ ಬೇಡುತ್ತಿದ್ದಳು. ದೋಣಿ ಬಲೆ ಬಿಟ್ಟು ಬಂತು. ಎರಡೂ ಕಡೆ ಹಗ್ಗ ಬಿಗಿಯಿತು. ಜಿತೇಂದ್ರ ಎಂಬ ಹುಡುಗ ಬೈಕಿನಿಂದ ಹಾರಿ ಓಡೋಡಿ ಬಂದು ಹಗ್ಗ ಹಿಡಿದ. ಬೆಂಡು ಕಂಡಿತು, ಪೂಜಿತಾ ಗುಂಡಿ ಒತ್ತಿದಳು. ಆಮೇಲೆ ತೋಟದ ಅಂಚಿನಲ್ಲಿ ತಿಮ್ಮನ ಕೆಂಪು ಮುಂಡಾಸು ಕಾಣಿಸಿತು. ಮೆಲ್ಲಗೆ ಬಂದ, ಹಗ್ಗದ ಬಾಲ ಹಿಡಿದ, ಮೊಮ್ಮಗಳಿಗೆ ಕೇಳಲೆಂದು ಎಂದಿಗಿಂತ ಜೋರಾಗಿ ಕೂಗು ಹಾಕಿದ. ಪೂಜಿತಾ ನಗುತ್ತ ಅವನ ಹೆಸರನ್ನೂ ಒತ್ತಿದಳು. ಮೊದಲು ಮನೆಗೆಲಸದ, ಈಗ ಕ್ಲಾಸಿನ ಹೊತ್ತಿನಲ್ಲಿ ನಡೆಯುವ ಬಲೆಯನ್ನು ಅವಳು ಸರಿಯಾಗಿ ನೋಡಿದವಳೇ ಅಲ್ಲ. ಅಜ್ಜ ದಿನಾ ಪಾಲು ತರುತ್ತಾನೆ, ಅಂದಮೇಲೆ ಅಜ್ಜನಿಗೆ ಪಾಲಿರುತ್ತದೆ. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಬೈಗೆ ಮೀನು ಚೆನ್ನಾಗಿ ಬಿದ್ದಿತ್ತು. ಫೋನು ಬ್ಯಾಂಕಿನ ಹೆಂಗಸಿನ ದನಿಯಲ್ಲಿ ಕೂಗತೊಡಗಿತು. "ಚಂದಯ್ಯ, ಒಂದೂವರೆ ಪಾಲು." ಮಕ್ಕಳು ಚಪ್ಪಾಳೆ ತಟ್ಟಿದರು. "ಜಿತೇಂದ್ರ, ಒಂದು ಪಾಲು." ಚಪ್ಪಾಳೆ, ಶಿಳ್ಳೆ. ಒಂದೊಂದು ಹೆಸರಿಗೂ ಗುಡ್ಡೆ ಬೀಳುತ್ತ ಹೋಯಿತು. ಕೊನೆಯ ಹೆಸರನ್ನು ಪೂಜಿತಾ ತನ್ನ ಬಾಯಲ್ಲಿ ಕರೆಯುವ ಹಾಗೆಯೇ ಬರೆದಿದ್ದಳು.

"ಅಜ್ಜಯ್ಯ, ಪಾಲು ಇಲ್ಲ."

ಚಪ್ಪಾಳೆಗೆಂದು ಎತ್ತಿದ ಮಕ್ಕಳ ಕೈಗಳು ಕೆಳಗಿಳಿದವು. ಆಮೇಲೆ ಜಿತೇಂದ್ರ ಕಿಸಕ್ಕನೆ ನಕ್ಕುಬಿಟ್ಟ. "ಅಜ್ಜಯ್ಯನ್ ಕಾನೂನ್ ಅಜ್ಜಯ್ಯಂಗೇ ತಾಗ್ತ್!" ಕೆಟ್ಟ ಹುಡುಗನಲ್ಲ, ನಾಲಗೆ ಜಾರಿದ್ದು. ಪಕ್ಕದವನು ಅವನ ಬೆನ್ನಿಗೊಂದು ಕೊಟ್ಟ.

"ಮಿಷನ್ ತಪ್ಪ್ ಹೇಳ್ತ್ ತಿಮ್ಮಣ್ಣ," ಎನ್ನುತ್ತ ಚಂದಯ್ಯ ಗಡಬಡಿಸಿ ಎರಡು ಕೈಯಿಂದ ಮೀನು ಬಾಚತೊಡಗಿದ. "ನಿಂದ್ ಇಲ್ಲಿತ್ತ್, ಕಾಣ್."

"ನಿಲ್ಸ್," ಎಂದ ತಿಮ್ಮ. "ನಾ ಬಪ್ಪತಿಗೆ ಬೆಂಡ್ ಕಂಡಿತ್ತಾ?"

ಮುದುಕ ಮಂಜುಗಣ್ಣಿನಿಂದ ಒಬ್ಬೊಬ್ಬರನ್ನೇ ಹುಡುಕಿದ. ಆಮೇಲೆ ಮೊಮ್ಮಗಳ ಕಡೆ ತಿರುಗಿದ. "ನೀ ಹೇಳ್ ಮಗಾ. ನೀ ಸುಳ್ಳ್ ಹೇಳುದಿಲ್ಲ."

ಪೂಜಿತಾ ಫೋನನ್ನು ಎದೆಗೆ ಒತ್ತಿ ಹಿಡಿದಿದ್ದಳು. "ಕಂಡಿತ್ತ್ ಅಜ್ಜಯ್ಯ," ಎಂದಳು, ದನಿಯೇ ಇಲ್ಲದ ಹಾಗೆ.

ತಿಮ್ಮ ಹಗ್ಗದ ಬಾಲವನ್ನು ಮರಳಿನ ಮೇಲೆ ಇಟ್ಟ. ಎಸೆಯಲಿಲ್ಲ, ಬಗ್ಗಿ ಇಟ್ಟ. ಇಟ್ಟು, ಬಂದ ದಾರಿಯಲ್ಲೇ ಹಿಂತಿರುಗಿದ. ಬಾಗಿ ಖಾಲಿ ಬುಟ್ಟಿ ಹಿಡಿದು ಅವನ ಹಿಂದೆ ನಡೆದಳು. ಹೆದ್ದಾರಿಯಲ್ಲಿ ಲಾರಿಗಳು ಹೋಗುವ ತನಕ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ದರು.

ಮರುದಿನ ದೋಣಿಯ ಕೂಗು ಕೇಳಿದಾಗ ತಿಮ್ಮ ಜಗಲಿಯಿಂದ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಚಂದಯ್ಯ ಮೀನು ಕೊಟ್ಟುಕಳಿಸಿದರೆ ಹಾಗೇ ಹಿಂದಕ್ಕೆ ಕಳಿಸಿದ. ಬಾಗಿ ಪೇಟೆಯಿಂದ ಮೀನು ತಂದು ಸಾರು ಮಾಡಿದರೆ, ಬಟ್ಟಲ ಮುಂದೆ ಕೂತು ಮೊದಲು ಕೇಳುವ ಮಾತು ಒಂದೇ. "ಇದ್ ಎಲ್ಲಿದ್?"

"ಪೇಟೆದ್."

"ಖರೆ ಹೇಳ್."

"ಖರೆ ಮಾರಾಯ್ರೆ."

ನಂಬುತ್ತಿರಲಿಲ್ಲ. ಮೀನನ್ನು ಬದಿಗೆ ಸರಿಸಿ ಗಂಜಿಗೆ ಉಪ್ಪಿನಕಾಯಿ ಹಾಕಿ ಉಣ್ಣುತ್ತಿದ್ದ. ಹುಟ್ಟಿದಂದಿನಿಂದ ಕಡಲ ಮೀನು ಬಿಟ್ಟು ಉಂಡವನಲ್ಲ. ಅವನ ಬಟ್ಟಲು ನೋಡಿ ಬಾಗಿಯೂ ಮೀನು ಬದಿಗಿಟ್ಟು ಉಣ್ಣತೊಡಗಿದಳು.

ಒಂದು ಮಧ್ಯಾಹ್ನ ಬಟ್ಟಲು ತೆಗೆಯುವಾಗ ಅವಳ ಕೈ ಹಿಡಿದು ಕೇಳಿದ. "ಎಷ್ಟ್ ವರ್ಷದಿಂದ ಹೀಂಗೆ?"

"ಎಂತದ್?"

"ನಿಂಗೆ ಗೊತ್ತಿತ್ತಾ ಇಲ್ಯಾ, ಅಷ್ಟ್ ಹೇಳ್."

ಸುಳ್ಳು ಹೇಳಬಹುದಿತ್ತು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ, ಅದನ್ನು ಕಂಡು ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಗೊತ್ತಿತ್ತ್," ಎಂದಳು.

"ಊರಿಗೆಲ್ಲ ಗೊತ್ತಿತ್ತ್. ನಾನೊಬ್ಬ ಪೆದ್ದ ಬಾಕಿ." ಕೈ ಬಿಟ್ಟ. "ಸೂರನ್ನ ಬರೀ ಕೈಯಂಗೆ ಕಳ್ಸಿದವ, ನಾ ಅಷ್ಟ್ ವರ್ಷ ಧರ್ಮಕ್ಕೆ ತಿಂದೆ."

"ಧರ್ಮ ಅಲ್ಲ ಅದ್. ಅವ್ರಿಗೆಲ್ಲ ಹಗ್ಗ ಹಿಡುಕೆ ಕಲ್ಸಿದ್ ಯಾರ್? ನೀವಲ್ದಾ?"

"ಕಲ್ಸಿದ್ದಕ್ಕೆ ಪಾಲ್ ಅಂದೇಳಿ ಎಲ್ಲಿತ್ತ್?" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಪೂಜಿತಾ ಕ್ಲಾಸು ಬಿಟ್ಟಳು. ಶಾಲೆಯಿಂದ ಬಂದವಳೇ ಕೊಡಪಾನ ಎತ್ತಿಕೊಂಡು ಬಾವಿಗೆ ಹೋಗುತ್ತಿದ್ದಳು. ಹಂಡೆ ತುಂಬಿ ಚೆಲ್ಲುವಷ್ಟು ನೀರು, ಒಣಮೀನು ಎಲ್ಲ ಒಳಗೆ, ಅಂಗಳಕ್ಕೆ ಕಸಬರಿಗೆ. ಬಾಗಿ ಬಯಸಿದ್ದೆಲ್ಲ ಮನೆಯಲ್ಲಿ ನಡೆಯುತ್ತಿತ್ತು, ಆದರೆ ಅದನ್ನು ನೋಡಿ ಅವಳಿಗೆ ಅಳು ಬರುತ್ತಿತ್ತು. ಮಲ್ಪೆಯಿಂದ ಶೇಖರ ಫೋನು ಮಾಡಿ, "ಅಪ್ಪಯ್ಯ, ದುಡ್ದದ್ ಸಾಕ್, ಇನ್ನ್ ಸುಮ್ನೆ ಕೂಕಂಡ್ ಉಣ್ಣಿ" ಎಂದ. ಸಮಾಧಾನ ಹೇಳುವ ಕಲೆ ಆ ವಂಶದ ಗಂಡಸರಿಗೆ ಎಂದೂ ಒಲಿದಿರಲಿಲ್ಲ. ತಿಮ್ಮ ಆಮೇಲೆ ಫೋನೇ ಮುಟ್ಟಲಿಲ್ಲ.

ಗೋಮತಿ ಮೊದಮೊದಲು ಮುಖ ಊದಿಸಿಕೊಂಡಿದ್ದಳು. "ಮಕ್ಳ್ ಮಾಡಿದ್ದಕ್ಕೆ ಇಷ್ಟ್ ದೊಡ್ಡ್ ಸಿಟ್ಟಾ?" ಎಂದು ಪಾತ್ರೆ ಕುಕ್ಕಿದಳು. ಒಂದು ಸಂಜೆ ಬೆಳ್ಳುಳ್ಳಿ ಸುಲಿಯುತ್ತ ಕೂತವಳು ಇದ್ದಕ್ಕಿದ್ದಂತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನಾ ಹಬ್ಬದ್ ಸೀರೆ ಉಟ್ಕಂಡ್ ಹೋಯಿದ್ದೆ ಅತ್ತೆ, ಮಾವನ್ ಮರ್ಯಾದಿ ತೆಗುದ್ ಕಾಂಬುಕೆ."

"ನಿಂದೆಂತ ತಪ್ಪಿಲ್ಲ," ಎಂದಳು ಬಾಗಿ. "ಆ ದಿನ ನಾ ಬ್ಯಾಡ ಅಂದದ್ ಇದ್ಕೇ. ಬಿಡ್ಸಿ ಹೇಳ್ಕಿತ್ತ್, ಹೇಳ್ಲಿಲ್ಲ." ಸೊಸೆಯ ಕೈಯಿಂದ ಬೆಳ್ಳುಳ್ಳಿ ತೆಗೆದುಕೊಂಡು ತಾನೇ ಸುಲಿದಳು. ಇ‍ಬ್ಬರೂ ಅವತ್ತು ಎದುರುಬದುರು ಕೂತು ಉಂಡರು.

ಧನ್ಯಶ್ರೀ ಮನೆಗೆ ಬಂದಳು. ಜಗಲಿಯ ಅಂಚಿನಲ್ಲಿ ಕೂತು, "ತಪ್ಪು ನಂದು ಅಜ್ಜಯ್ಯ, ಅದನ್ನು ದಡಕ್ಕೆ ತರುವ ಮೊದಲು ನಾನು ದೊಡ್ಡವರನ್ನು ಕೇಳ್ಕಿತ್ತು" ಎಂದಳು. ಪೂಜಿತಾ ಫೋನು ತಂದು ತೋರಿಸಿದಳು. ಅವಳೇ ಕೂತು ತಿದ್ದಿದ್ದಳು.

"ಕೇಣ್ ಅಜ್ಜಯ್ಯ. ಹೆಸ್ರ್ ಅಜ್ಜಯ್ಯ ಅಂದೇಳಿ ಇದ್ರೆ, ಎಷ್ಟೊತ್ತಿಗೆ ಬಂದ್ರೂ ಒಂದ್ ಪಾಲ್. ಹಾಂಗೆ ಬರ್ದಿದೆ."

ತಿಮ್ಮ ಬಹಳ ದಿನಗಳ ಮೇಲೆ ಅವಳ ತಲೆ ಸವರಿದ. "ನೀ ಮೊದ್ಲ್ ಬರ್ದದ್ದೇ ಸಮಾ ಇತ್ತ್ ಮಗಾ. ನಾ ಹೇಳಿದ್ದನ್ನೇ ನೀ ಬರ್ದದ್. ಇದನ್ನ್ ಅಳ್ಸ್."

"ಬ್ಯಾಡ ಅಜ್ಜಯ್ಯ."

"ಅಳ್ಸ್. ಟೀಚ್ರೆ, ಪೂಜಿ ನಾಳೆಯಿಂದ ಕ್ಲಾಸಿಗೆ ಬತ್ತ್. ಬಾರದಿದ್ರೆ ನಂಗೆ ಹೇಳಿ ಕಳ್ಸಿ."

ಪೂಜಿತಾ ಅಳುತ್ತಲೇ ಅಳಿಸಿದಳು. ಮರುದಿನ ಅಳುಮುಖದಲ್ಲೇ ಕ್ಲಾಸಿಗೂ ಹೋದಳು.

ಆಮೇಲೊಂದು ಶನಿವಾರ, ಊಟ ಮುಗಿದದ್ದೇ ತಿಮ್ಮ ಮುಂಡಾಸು ಕಟ್ಟಿದ. ಬಿಸಿಲು ನೆತ್ತಿಯ ಮೇಲಿತ್ತು, ದೋಣಿ ಇಳಿಯುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.

"ಎಲ್ಲಿಗೆ ಹ್ವಾಯ್?" ಎಂದಳು ಬಾಗಿ.

"ಬಲೆಗೆ. ಪೂಜಿಗೆ ಹೇಳ್, ಆ ಫೋನ್ ಹಿಡ್ಕಂಡ್ ಬರ್ಕ್ ಅಂದೇಳಿ."

ಬೇಡವೆಂದರೆ ಕೇಳುವ ಮುಖವಲ್ಲ. ಸಂಜೆ ಮೊಮ್ಮಗಳ ಜೊತೆ ಬಾಗಿ ದಡಕ್ಕೆ ಹೋದಾಗ ಅವನು ದೋಣಿಯ ನೆರಳಿನಲ್ಲಿ ಕೂತಿದ್ದ. ಹಗ್ಗ ದಡಕ್ಕೆ ಬಂದದ್ದೇ ಎಲ್ಲರಿಗಿಂತ ಮೊದಲು ಎದ್ದು ಹಿಡಿದ. ಅದೂ ಬಾಲವನ್ನಲ್ಲ, ನೀರಿಗಿಳಿದು ಸೊಂಟಮಟ್ಟದಲ್ಲಿ, ಮೊದಲ ಸಾಲಿನವರು ಹಿಡಿಯುವಲ್ಲಿ. ಅಲೆ ಬಂದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಬಿದ್ದು ಮತ್ತೆ ನಿಲ್ಲುತ್ತಿದ್ದ. ಬಾಯಿಂದ ಕೂಗು ಬರಲಿಲ್ಲ, ಕೂಗುವಷ್ಟು ಉಸಿರೂ ಇರಲಿಲ್ಲ. ಚಂದಯ್ಯ ಅವನ ಹಿಂದೆಯೇ ನಿಂತು ಹಗ್ಗ ಹಿಡಿದ. ಇಡೀ ಕೇರಿ ಅವತ್ತು ಬಲೆಯನ್ನು ಮೆಲ್ಲಗೆ ಎಳೆಯಿತು. ಜಿತೇಂದ್ರ ಎಳೆಯುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದ. ಬಾಗಿಗೆ ನೋಡಲಾಗಲಿಲ್ಲ, ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಸಾಕು ಬಿಡಿ ಎಂದು ಕಿರುಚಬೇಕೆನಿಸಿತು. ಕಿರುಚಿದರೆ ಇರುವ ಇದೊಂದು ದಿನವನ್ನೂ ತಾನು ಕಿತ್ತುಕೊಂಡ ಹಾಗೆ ಎಂದು ಹಲ್ಲು ಕಚ್ಚಿ ನಿಂತಳು.

ಬಲೆ ದಡಕ್ಕೆ ಬಂದಾಗ ತಿಮ್ಮ ಮರಳಿನಲ್ಲಿ ಮಂಡಿಯೂರಿದ್ದ. ಅಂಗೈ ಸುಲಿದು ರಕ್ತ ಬಂದಿತ್ತು.

"ಹೇಳ್ಲಿ," ಎಂದ, ಫೋನಿನ ಕಡೆ ಕೈ ತೋರಿಸಿ.

ಹೆಸರುಗಳು ಬಂದವು. ಇವತ್ತು ಚಪ್ಪಾಳೆಯಿಲ್ಲ. ಎಲ್ಲರೂ ಕಾದರು. "ಅಜ್ಜಯ್ಯ, ಒಂದು ಪಾಲು."

ಬಂಗ್ಡೆಯ ಗುಡ್ಡೆಯನ್ನು ತಿಮ್ಮ ಬಾಗಿಯ ಬುಟ್ಟಿಗೆ ಹಾಕಲು ಬಿಡಲಿಲ್ಲ. ತನ್ನ ಮುಂಡಾಸು ಬಿಚ್ಚಿ ಅದರಲ್ಲಿ ಕಟ್ಟಿ, ತಾನೇ ಹೊತ್ತ. ಹೆದ್ದಾರಿಯ ಬದಿಯಲ್ಲಿ ಎರಡು ಸಲ ಕೂತು ಎದ್ದ. ಮನೆಯಲ್ಲಿ ಗೋಮತಿ ಖಾರ ಅರೆದು ಸಾರು ಮಾಡಿದಳು. ಅವನು ಎಲ್ಲಿಯದೆಂದು ಕೇಳಲಿಲ್ಲ. ಮುಳ್ಳು ಮಾತ್ರ ಉಳಿಯುವ ಹಾಗೆ ಚೀಪಿ ಚೀಪಿ ತಿಂದ, ಎಲ್ಲರಿಗೂ ತನ್ನ ಕೈಯಿಂದಲೇ ಒಂದೊಂದು ಬಡಿಸಿದ.

ಕೈ ತೊಳೆದು ಬಂದು ಜಗಲಿಯಲ್ಲಿ ಪೂಜಿತಾಳನ್ನು ಕರೆದ. "ಆ ಫೋನ್ ತಾ. ನನ್ನ್ ಹೆಸ್ರ್ ಎಲ್ಲಿತ್ತ್ ತೋರ್ಸ್."

"ಇಲ್ಲಿತ್ತ್, ಕಡೀಗೆ."

"ತೆಗಿ ಅದನ್ನ್."

"ಎಂತಕ್ಕೆ ಅಜ್ಜಯ್ಯ? ಇವತ್ತ್ ಪಾಲ್ ಬಂತಲ್ಲ!"

"ಬಂತ್. ಅದ್ಕೇ ತೆಗಿ ಅಂದದ್. ಇನ್ನ್ ಬಪ್ಪುಕಾತಿಲ್ಲ ನಂಗೆ. ಬಾರದವ್ನ ಹೆಸ್ರ್ ಬಲೆಯಂಗೆ ಇಪ್ಪುಕಾಗ."

ತೆಗೆಯಲೇ ಎಂದು ಫೋನು ಇನ್ನೊಮ್ಮೆ ಕೇಳಿತು. ಪೂಜಿತಾಳ ಬೆರಳು ಅಲ್ಲೇ ನಿಂತಿತು. ತಿಮ್ಮ ಸುಲಿದ ಅಂಗೈಯಿಂದ ಅವಳ ಬೆರಳನ್ನು ಹಿಡಿದು ಒತ್ತಿಸಿದ. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೊಸೆ ಇಬ್ಬರೂ ಒಳಗೆ ಹೋದರು.

ಪೂಜಿತಾ ಅಡುಗೆಮನೆಗೆ ಬಂದು ಬಾಗಿಯ ಬೆನ್ನ ಹಿಂದೆ ನಿಂತಳು. "ಅಜ್ಜಿ, ಆ ದಿನ ಅಜ್ಜಯ್ಯ ಪಾಲ್ ಹೇಳಿಕೊಡುವಾಗ ನೀ ಅಲ್ಲೇ ಇದ್ದೆ. ನಿಂಗೆ ಗೊತ್ತಿತ್ತಲ್ಲ? ನಂಗೆ ಎಂತಕ್ಕೆ ಹೇಳ್ಲಿಲ್ಲ?"

ಬಾಗಿ ತಿರುಗಲಿಲ್ಲ. "ಹೇಳ್ಕಿತ್ತ್ ಮಗಾ," ಎಂದಳು.

ಎರಡು ದಿನ ಬಿಟ್ಟು ದೋಣಿಯ ಕೂಗು ಕೇಳಿದಾಗ ಬಾಗಿ ಬುಟ್ಟಿ ಎತ್ತಿಕೊಂಡು ದಡಕ್ಕೆ ಹೋದಳು. ಈ ಸಲ ಪಾಲಿನವರ ಹೆಂಗಸರು ಕೂರುವಲ್ಲಿ ಕೂರಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಕೊಳ್ಳುವವರ ಸಾಲಿನಲ್ಲಿ ಹೋಗಿ ನಿಂತಳು. ಅವಳ ಸರದಿ ಬಂದಾಗ ಚಂದಯ್ಯ ದುಡ್ಡು ತೆಗೆದುಕೊಳ್ಳುವುದಕ್ಕೆ ಮೊದಲು ಕೈ ಹಿಂದೆ ಎಳೆದ, ಆಮೇಲೆ ತೆಗೆದುಕೊಂಡ. ಮೀನು ಹಾಕಿದ ಮೇಲೆ ಯಾರಿಗೂ ಕಾಣದ ಹಾಗೆ ಇನ್ನೂ ಎರಡು ದೊಡ್ಡ ಬಂಗ್ಡೆ ಬುಟ್ಟಿಗೆ ಜಾರಿಸಿದ.

ಬಾಗಿ ಆ ಎರಡನ್ನೂ ಹೆಕ್ಕಿ ತೆಗೆದು ಅವನ ಮುಂದಿನ ರಾಶಿಗೆ ಹಾಕಿದಳು.

"ಬಾಗಕ್ಕ," ಎಂದ ಚಂದಯ್ಯ.

"ಬ್ಯಾಡ ಚಂದಯ್ಯ. ಮನೆಯಂಗೆ ಇವ್ರ್ ಕೇಂತ್ರ್, ಎಲ್ಲಿದ್ ಅಂದೇಳಿ. ನಾ ಖರೆ ಹೇಳ್ಕಲ್ದಾ?"

ಚಂದಯ್ಯ ಮುಖ ತಿರುಗಿಸಿ ಕಡಲ ಕಡೆ ನೋಡಿದ.

ಆ ಸಂಜೆ ತಿಮ್ಮ ಬಟ್ಟಲ ಮುಂದೆ ಕೂತು ಕೇಳಿದ. "ಇದ್ ಎಲ್ಲಿದ್?"

"ನಮ್ಮ್ ಬಲೆದ್ದೇ," ಎಂದಳು ಬಾಗಿ. "ದುಡ್ಡ್ ಕೊಟ್ಟ್ ತಂದದ್."

ಅವನು ತಲೆಯಾಡಿಸಿ, ಅನ್ನಕ್ಕೆ ಸಾರು ಕಲಸಿ ಉಂಡ.